ಓ-ರಿಂಗ್ ಅಜ್ಜ

ನೀರೊಳಗೆ ಓಡಾಡೋ ರೋಬೋ, ಅಂದ್ರೆ ಆರ್‌ಒವಿ ಬಗ್ಗೆ ಮಾತು ಬಂದ್ರೆ ನಾವು ಮೋಟಾರು, ಕ್ಯಾಮೆರಾ, ಕೋಡ್ ಅಂತ ಗಂಟೆಗಟ್ಟಲೆ ಹರಟ್ತೀವಿ. ಒಳಗೆ ನೀರು ನುಗ್ಗದಂತೆ ಕಾಯೋ ಕಪ್ಪು ಓ-ರಿಂಗ್ ನಮ್ಮ ಮಾತಿನಲ್ಲಿ ಬರೋದೇ ಇಲ್ಲ. ಅದನ್ನು ಇವತ್ತಿನ ರೂಪಕ್ಕೆ ತಂದವರು ನೀಲ್ಸ್ ಕ್ರಿಸ್ಟೆನ್ಸನ್.

ಹುಟ್ಟಿದ್ದು 1865ರಲ್ಲಿ, ಡೆನ್ಮಾರ್ಕಿನಲ್ಲಿ. ಕೆಲಸ ಕಲಿತು 1891ರಲ್ಲಿ ಅಮೆರಿಕಕ್ಕೆ ಹೋದರು. ಟ್ರಾಮ್‌ಗಳಿಗೆ ಏರ್ ಬ್ರೇಕ್ ಮಾಡಿ ಹೆಸರು ಗಳಿಸಿದರು. ಬ್ರೇಕ್ ಅಂದ್ಮೇಲೆ ಪಿಸ್ಟನ್, ಪಿಸ್ಟನ್ ಅಂದ್ಮೇಲೆ ಸೋರಿಕೆ. ಆ ತಲೆನೋವು ಅವರನ್ನು ಇಳಿವಯಸ್ಸಿನವರೆಗೂ ಬಿಡಲಿಲ್ಲ. ಕೊನೆಗೆ 1937ರಲ್ಲಿ ಓ-ರಿಂಗ್ ಪೇಟೆಂಟಿಗೆ ಅರ್ಜಿ ಹಾಕಿದಾಗ ಅವರ ವಯಸ್ಸು 72! ಪೇಟೆಂಟ್ ಸಿಕ್ಕಿದ್ದು 1939ರಲ್ಲಿ.

ಅವರ ಜಾಣ್ಮೆ ಇದ್ದದ್ದು ರಬ್ಬರಿಗಿಂತ ಹೆಚ್ಚಾಗಿ ಅದು ಕೂರೋ ಗಾಡಿಯಲ್ಲಿ. ಗಾಡಿಯ ಆಳ ಉಂಗುರದ ದಪ್ಪಕ್ಕಿಂತ ಸ್ವಲ್ಪ ಕಮ್ಮಿ, ಅದಕ್ಕೇ ಉಂಗುರ ಅದುಮಿಕೊಂಡಿರುತ್ತೆ. ಅಗಲ ಮಾತ್ರ ಸ್ವಲ್ಪ ಜಾಸ್ತಿ, ಹಾಗಾಗಿ ಒತ್ತಡ ಬಿದ್ದಾಗ ಉಂಗುರ ಪಕ್ಕಕ್ಕೆ ಸರಿದು ಸಂದನ್ನು ತಾನೇ ಮುಚ್ಚುತ್ತೆ. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಸುಮಾರು ಒಂದು ವಾತಾವರಣದಷ್ಟು ಏರುತ್ತಲ್ವಾ? ಒಂದು ಮಿತಿಯವರೆಗೆ, ಒತ್ತಡ ಏರಿದಷ್ಟೂ ಹಿಡಿತ ಬಿಗಿ. ಶತ್ರುವಿನ ಬಲವನ್ನೇ ಕಾವಲಿಗೆ ಹಚ್ಚಿದ ಹಾಗೆ!

ಎರಡನೇ ಮಹಾಯುದ್ಧದಲ್ಲಿ ವಿಮಾನಗಳ ಹೈಡ್ರಾಲಿಕ್ಸಿಗೆ ಈ ಉಂಗುರ ಬೇಕೇ ಬೇಕಾಯ್ತು. ಅಮೆರಿಕ ಸರ್ಕಾರ 75,000 ಡಾಲರ್ ಕೊಟ್ಟು ಹಕ್ಕನ್ನು ಪಡೆದು, ತಯಾರಕರಿಗೆಲ್ಲ ಬಿಟ್ಟುಕೊಟ್ಟಿತು. ಲೋಕವೆಲ್ಲ ಬಳಸಿತು, ಅಜ್ಜನ ಪಾಲು ಅಷ್ಟಕ್ಕೇ ನಿಂತಿತು. 1952ರಲ್ಲಿ ಅವರು ತೀರಿಕೊಂಡರು. ಮನೆಯವರಿಗೆ ಇನ್ನೊಂದು ಲಕ್ಷ ಡಾಲರ್ ಸಿಕ್ಕಿದ್ದು 1971ರಲ್ಲಿ.

ಆ ಬಾಕಿಯನ್ನು ನಾವು ತೀರಿಸೋಕಾಗಲ್ಲ. ಆದರೆ ಉಂಗುರಕ್ಕೆ ಮರ್ಯಾದೆ ಕೊಡಬಹುದು. ನೀರಿನಿಂದ ತೆಗೆದ ರೋಬೋವನ್ನು ಸಿಹಿನೀರಲ್ಲಿ ತೊಳೆದು, ಒರೆಸಿ, ಆಮೇಲೆ ಬಿಚ್ಚೋಣ. ಮುಚ್ಚೋ ಮುಂಚೆ ಉಂಗುರದ ಸುತ್ತ ಬೆರಳಾಡಿಸಿ ಸೀಳು, ಮರಳು ಇದೆಯಾ ನೋಡೋಣ. ಒಂದೇ ಒಂದು ಕೂದಲು ಸಿಕ್ಕಿಕೊಂಡರೂ ನೀರಿಗೆ ದಾರಿಯಾಗುತ್ತೆ. ಗ್ರೀಸ್ ಇರೋದು ಸಂದು ತುಂಬೋಕಲ್ಲ, ಉಂಗುರ ಸಲೀಸಾಗಿ ಕೂರೋಕೆ. ತೆಳ್ಳಗೆ ಹಚ್ಚಿದ್ರೆ ಸಾಕು, ಜಾಸ್ತಿಯಾದ್ರೆ ಕಸ ಅಂಟುತ್ತೆ. ಸೀಳಿದ್ದು ಕಂಡ್ರೆ ಎಸೆದು ಹೊಸದು ಹಾಕೋಣ. ಅಜ್ಜ ಅಷ್ಟು ವರ್ಷ ಕಾದು ಮಾಡಿದ ಕೆಲಸಕ್ಕೆ ನಮ್ಮ ಐದು ನಿಮಿಷ ಹೆಚ್ಚೇನಲ್ಲ.