ಇಟ್ಟಿಗೆಯಿಂದ ಅಕ್ಷರ ಕಲಿಸಿದ ಮೇಷ್ಟ್ರು

ಬಿ.ಇಡಿ. ಓದಿದವರಿಗೆ ಪಾವ್ಲೊ ಫ್ರೇರೆ ಹೆಸರು ಗೊತ್ತಿರುತ್ತದೆ. ಪುಸ್ತಕದ ಹೆಸರಿನ ಜತೆ ಹೊಂದಿಸಿ ಬರೆದರೆ ಅಂಕ ಸಿಗುತ್ತದೆ, ಅಷ್ಟೇ. ಪರೀಕ್ಷೆ ಮುಗಿದ ಮೇಲೆ ಕುತೂಹಲಕ್ಕೆ ಅವರ ಬದುಕಿನ ಬಗ್ಗೆ ಓದಿದೆ. ಆಮೇಲೆ ಅವರು ನನಗೆ ಪಠ್ಯದ ಹೆಸರಾಗಿ ಉಳಿಯಲಿಲ್ಲ.

ಫ್ರೇರೆ ಹುಟ್ಟಿದ್ದು 1921ರಲ್ಲಿ, ಬ್ರೆಜಿಲ್‌ನ ಈಶಾನ್ಯ ಭಾಗದ ರೆಸಿಫೆಯಲ್ಲಿ. ಮಧ್ಯಮ ವರ್ಗದ ಕುಟುಂಬ. ಜಗತ್ತಿನ ಆರ್ಥಿಕ ಕುಸಿತ ಅವರ ಮನೆಯನ್ನೂ ತಟ್ಟಿತು. ಹದಿಮೂರರ ವಯಸ್ಸಿಗೆ ತಂದೆ ತೀರಿಕೊಂಡರು. ಹಸಿದ ಹೊಟ್ಟೆಯಲ್ಲಿ ಪಾಠ ತಲೆಗೆ ಹತ್ತುವುದಿಲ್ಲ ಎಂಬುದನ್ನು ಅವರು ಅನುಭವಿಸಿಯೇ ತಿಳಿದರು. ಮುಂದೆ ಕಾನೂನು ಓದಿದರು. ಸಾಲ ವಸೂಲಿಯ ಮೊದಲ ಕೇಸಿಗೇ ಮನಸ್ಸು ಒಪ್ಪದೆ ವಕೀಲಿಕೆ ಬಿಟ್ಟರು. ಓದಿದ್ದೊಂದು, ಮಾಡುವ ಕೆಲಸವೊಂದು ಎಂದು ಕೊರಗುವ ನಮ್ಮಂಥವರಿಗೆ ಈ ಮಾತು ಸ್ವಲ್ಪ ಧೈರ್ಯ ಕೊಡುತ್ತದೆ.

ಅವರು ದೊಡ್ಡವರಿಗೆ ಅಕ್ಷರ ಕಲಿಸಲು ಹೊರಟರು. ಮಕ್ಕಳ ಪುಸ್ತಕ ಹಿಡಿಯಲಿಲ್ಲ. ಮೊದಲು ಜನರ ಮಾತು ಕೇಳಿ, ಅವರು ದಿನವೂ ಬಳಸುವ ಪದಗಳನ್ನು ಆರಿಸಿದರು. ಅಂಥದ್ದೊಂದು ಪದ ತಿಜೋಲೊ, ಅಂದರೆ ಇಟ್ಟಿಗೆ. ಚಿತ್ರ ತೋರಿಸಿ ಮೊದಲು ಚರ್ಚೆ: ಇಟ್ಟಿಗೆ ಹೊರುವವರು ಯಾರು, ಆ ಮನೆಯಲ್ಲಿ ಇರುವವರು ಯಾರು? ಆಮೇಲೆ ಪದವನ್ನು ಬಿಡಿಸಿ ತ, ತೆ, ತಿ, ತೊ, ತು ಎಂದು ಕಲಿಸುವುದು. ನಮ್ಮ ಕಾಗುಣಿತದ ಹಾಗೆಯೇ! ಆ ಅಕ್ಷರಗಳನ್ನೇ ಜೋಡಿಸಿದರೆ ಲೋಜ, ಅಂದರೆ ಅಂಗಡಿ. ಲುತ, ಅಂದರೆ ಹೋರಾಟ.

1963ರಲ್ಲಿ ಅಂಜಿಕೋಸ್ ಎಂಬ ಸಣ್ಣ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸುವ ತರಗತಿಗಳು ನಡೆದವು. ಕೊನೆಯ ತರಗತಿಗೆ ದೇಶದ ಅಧ್ಯಕ್ಷ ಗೌಲಾರ್ಟ್ ಅವರೇ ಬಂದರು. ದೇಶದಾದ್ಯಂತ ಇಂಥ ಸಾವಿರಾರು ಕಲಿಕಾ ಕೂಟಗಳನ್ನು ತೆರೆಯಲು ಸರ್ಕಾರ ಸಿದ್ಧವಾಯಿತು.

ಅದು ಕೆಲವರಿಗೆ ಭಯ ಹುಟ್ಟಿಸಿತು. ಆಗ ಬ್ರೆಜಿಲ್‌ನಲ್ಲಿ ಓದು ಬರಹ ಬಾರದವರಿಗೆ ಮತದ ಹಕ್ಕು ಇರಲಿಲ್ಲ. ಕೂಲಿಯವನು ಓದು ಕಲಿತರೆ ಮತದಾರನೂ ಆಗುತ್ತಿದ್ದ. 1964ರಲ್ಲಿ ಸೇನೆ ಅಧಿಕಾರ ಹಿಡಿಯಿತು, ಯೋಜನೆ ನಿಂತಿತು, ಫ್ರೇರೆ ಸುಮಾರು 70 ದಿನ ಜೈಲಿನಲ್ಲಿದ್ದರು. ಅಕ್ಷರ ಕಲಿಸಿದ ಮೇಷ್ಟ್ರು ದೇಶಕ್ಕೆ ಅಪಾಯಕಾರಿ ಎನಿಸಿಕೊಂಡರು!

ನನ್ನ ಅಜ್ಜಿಗೆ ಓದು ಬರಹ ಬಾರದು. ಆದರೂ ಪ್ರತಿ ಚುನಾವಣೆಯಲ್ಲೂ ಹೆಬ್ಬೆಟ್ಟು ಒತ್ತಿ ಮತ ಹಾಕಿದ್ದಾಳೆ. ನಮ್ಮ ಸಂವಿಧಾನ 1950ರಲ್ಲೇ ಕೊಟ್ಟ ಈ ಹಕ್ಕು ಬ್ರೆಜಿಲ್‌ನ ಅಂಥ ಅಜ್ಜಿಯರಿಗೆ ಸಿಕ್ಕಿದ್ದು 1985ರಲ್ಲಿ. ಇದನ್ನು ಓದಿದಾಗ ಅಜ್ಜಿಯ ಬೆರಳಿನ ಶಾಯಿಗೆ ಎಷ್ಟು ಬೆಲೆ ಎಂದು ನನಗೆ ತಿಳಿಯಿತು. ಆದರೆ ಬ್ಯಾಂಕಿನ ಚೀಟಿ, ಪಿಂಚಣಿಯ ಅರ್ಜಿ ಹಿಡಿದು ಅವಳು ಇಂದಿಗೂ ಬೇರೆಯವರ ಮುಖ ನೋಡಬೇಕು. ಹಕ್ಕು ಬಂದರೂ ಅಕ್ಷರದ ಕೆಲಸ ಮುಗಿಯುವುದಿಲ್ಲ.

ಫ್ರೇರೆ ಬೊಲಿವಿಯಾ, ಚಿಲಿ, ಜಿನೀವಾ ಎಂದು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ದೇಶದ ಹೊರಗೆ ಬದುಕಿದರು. ಚಿಲಿಯಲ್ಲಿ ರೈತರಿಗೆ ಕಲಿಸುವ ಕೆಲಸ ಮುಂದುವರಿಸಿದರು. 1980ರಲ್ಲಿ ಮರಳಿದರು. 1989ರಲ್ಲಿ ಸಾವೊ ಪಾವ್ಲೊ ನಗರದ ಶಿಕ್ಷಣದ ಹೊಣೆ ಹೊತ್ತಾಗ ವಯಸ್ಕರ ಸಾಕ್ಷರತೆಯ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು. 1997ರಲ್ಲಿ ತೀರಿಕೊಂಡರು.

ನಮ್ಮಲ್ಲೂ ಸಾಕ್ಷರತಾ ಕಾರ್ಯಕ್ರಮಗಳು ಸ್ವಯಂಸೇವಕರನ್ನು ನಂಬಿಯೇ ನಡೆಯುತ್ತವೆ. ಕೆಲಸದ ಆದೇಶಕ್ಕೆ ಕಾಯುತ್ತಿರುವ ಗೆಳೆಯರೇ, ಸಂಜೆಯ ಒಂದು ಗಂಟೆ ನಮ್ಮ ಬಳಿ ಇದೆಯಲ್ಲವೇ? ಶುರುಮಾಡಲು ದೊಡ್ಡ ಪುಸ್ತಕ ಬೇಡ. ಎದುರಿಗೆ ಕೂತವರು ದಿನವೂ ಆಡುವ ಒಂದು ಪದ ಸಾಕು.