ಕೌಂಟ್ ರಮ್‌ಫರ್ಡನ ಕಾಫಿ ಪಾತ್ರೆ

ಭೌತಶಾಸ್ತ್ರದ ವಿದ್ಯಾರ್ಥಿಗಳು ಕೌಂಟ್ ರಮ್‌ಫರ್ಡನ ಹೆಸರನ್ನು ಬಲ್ಲರು. ಉಷ್ಣವೆಂಬುದು ಒಂದು ದ್ರವ್ಯವಲ್ಲ, ಚಲನೆಯ ಒಂದು ರೂಪ ಎಂದು ಪ್ರಯೋಗದಿಂದ ವಾದಿಸಿದವನು ಆತ. ಆ ಮಹಾಶಯನೇ ತನ್ನ ಇಳಿವಯಸ್ಸಿನಲ್ಲಿ ಒಳ್ಳೆಯ ಕಾಫಿಯನ್ನು ಮಾಡುವ ಬಗೆಯನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನು ಬರೆದನೆಂಬುದು ಅಷ್ಟಾಗಿ ತಿಳಿಯದ ಸಂಗತಿ. ನಮ್ಮ ಕಲಬುರಗಿ ಚಹಾದ ಊರು. ಮನೆಗೆ ಅತಿಥಿ ಬಂದರೆ ಒಲೆಯ ಮೇಲೇರುವುದು ಚಹಾವೇ. ಅಂಥ ಊರಿನಲ್ಲಿ ಕಾಫಿಯ ಹವ್ಯಾಸವನ್ನು ಬೆಳೆಸಿಕೊಂಡು, ದಿನವೂ ಬೆಳಿಗ್ಗೆ ಒಂದು ಬಟ್ಟಲು ಕುಡಿದು ಕಮಲಾಪುರಕ್ಕೆ ಕನ್ನಡ ಪಾಠ ಹೇಳಲು ಹೊರಡುವ ನನಗೆ, ಈತನ ಬಾಳು ಹೇಳತಕ್ಕದ್ದೆಂದು ಬಹುಕಾಲದಿಂದ ತೋರಿದೆ.

ಬೆಂಜಮಿನ್ ಥಾಂಪ್ಸನ್ ಎಂಬುದು ಆತನ ಹುಟ್ಟುಹೆಸರು. 1753ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೂಬರ್ನ್ ಎಂಬಲ್ಲಿ ಒಬ್ಬ ರೈತನ ಮಗನಾಗಿ ಹುಟ್ಟಿ, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಅಂಗಡಿಯಲ್ಲಿ ದುಡಿದನು, ಶಾಲೆಯಲ್ಲಿ ಪಾಠ ಹೇಳಿದನು. 1772ರಲ್ಲಿ ತನಗಿಂತ ಹಿರಿಯಳಾದ ಒಬ್ಬ ಸಿರಿವಂತ ವಿಧವೆಯನ್ನು ವರಿಸಿದನು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಮೊದಲಾದಾಗ ಆತ ಆಂಗ್ಲ ದೊರೆಯ ಪಕ್ಷವನ್ನು ಹಿಡಿದನು. ಸ್ವದೇಶೀಯರ ಸುದ್ದಿಯನ್ನು ಗುಟ್ಟಾಗಿ ಆಂಗ್ಲ ಸೇನಾಪತಿಗೆ ಮುಟ್ಟಿಸಿದನು. 1776ರಲ್ಲಿ ಹಡಗನ್ನೇರಿ ಲಂಡನ್ನಿಗೆ ಹೋದವನು ಹೆಂಡತಿಯ ಮುಖವನ್ನು ಮತ್ತೆ ನೋಡಲಿಲ್ಲ. ತೊಟ್ಟಿಲಲ್ಲಿ ಬಿಟ್ಟುಹೋದ ಮಗಳು ತಂದೆಯನ್ನು ಕಂಡದ್ದು ಇಪ್ಪತ್ತು ವರ್ಷಗಳ ಮೇಲೆ.

1784ರಲ್ಲಿ ಆಂಗ್ಲ ದೊರೆಯಿಂದ ಸರ್ ಪದವಿಯನ್ನು ಪಡೆದ ಥಾಂಪ್ಸನ್ ಜರ್ಮನಿಯ ಬವೇರಿಯ ಸಂಸ್ಥಾನದ ಸೇವೆಗೆ ಸೇರಿದನು. ಅಲ್ಲಿ ಆತನ ಬುದ್ಧಿಗೆ ತಕ್ಕ ಕ್ಷೇತ್ರ ದೊರೆಯಿತು. 1790ರ ಹೊಸ ವರ್ಷದ ದಿನ ಮ್ಯೂನಿಕ್ ನಗರದ ಭಿಕ್ಷುಕರನ್ನೆಲ್ಲ ಹಿಡಿಸಿ, ಅವರಿಗೆ ಕೆಲಸದ ಮನೆಯೊಂದನ್ನು ತೆರೆದು, ಸೈನಿಕರ ಉಡುಪನ್ನು ತಯಾರಿಸಲು ಹಚ್ಚಿದನು. ಅವರಿಗೆ ಅಗ್ಗದಲ್ಲಿ ಹೊಟ್ಟೆ ತುಂಬುವ ಊಟ ಬೇಕಾಗಿತ್ತು. ಬಾರ್ಲಿ, ಬಟಾಣಿ, ಆಲೂಗಡ್ಡೆಗಳ ಸಾರನ್ನು ಗೊತ್ತುಮಾಡಿದನು. ಅದನ್ನು ಬೇಯಿಸುವ ಒಲೆಯನ್ನೂ ಪರೀಕ್ಷಿಸಿದನು. ತೆರೆದ ಒಲೆಯಲ್ಲಿ ಬೆಂಕಿಯ ಬಹುಭಾಗ ಪಾತ್ರೆಯನ್ನು ಮುಟ್ಟದೆ ಹೊಗೆಯೊಡನೆ ಹಾರಿಹೋಗುವುದೆಂದು ಕಂಡು, ಉರಿಯನ್ನು ಸುತ್ತಲೂ ಮುಚ್ಚಿದ ಒಲೆಗಳನ್ನು ಕಟ್ಟಿಸಿದನು. ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ಕಟ್ಟಿಗೆಯ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿದ ತಾಯಂದಿರಿಗೆ ಈ ಮಾತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸೇವೆಗೆ ಸಂದ ಕೌಂಟ್ ಪದವಿಗೆ ಆತ ತಾನು ಮದುವೆಯಾದ ಊರಿನ ಹಳೆಯ ಹೆಸರಾದ ರಮ್‌ಫರ್ಡ್ ಎಂಬುದನ್ನು ಆರಿಸಿಕೊಂಡನು. ತೊರೆದುಬಂದ ನಾಡಿನ ನೆನಪು ಅಷ್ಟರಮಟ್ಟಿಗಾದರೂ ಉಳಿದಿತ್ತು. ಮ್ಯೂನಿಕ್ಕಿನ ಆಯುಧಶಾಲೆಯಲ್ಲಿ ಮೊಂಡಾದ ಉಳಿಯಿಂದ ಫಿರಂಗಿಯನ್ನು ಕೊರೆಯಿಸಿ, ಸುತ್ತಲಿನ ತಣ್ಣೀರು ಬೆಂಕಿಯೇ ಇಲ್ಲದೆ ಎರಡೂವರೆ ಗಂಟೆಗಳಲ್ಲಿ ಕುದಿಯುವುದನ್ನು ನೆರೆದವರಿಗೆ ತೋರಿಸಿದನು. ಆ ವಿವರ 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂದಿತು. ಮರುವರ್ಷ ಅದೇ ನಗರದಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಸ್ಥಾಪನೆಯಾಗಲು ಆತನೇ ಮುಖ್ಯ ಕಾರಣನಾದನು.

ಪಾತ್ರೆಗಳ ಕಾವನ್ನು ಇಷ್ಟು ಬಲ್ಲವನಿಗೆ ಮನೆಯ ಬದುಕು ಹತ್ತಲಿಲ್ಲ. 1805ರಲ್ಲಿ ಪ್ಯಾರಿಸ್ಸಿನಲ್ಲಿ, ರಸಾಯನಶಾಸ್ತ್ರದ ಪಿತಾಮಹನೆನಿಸಿದ ಲವಾಸಿಯೆಯ ವಿಧವೆಯನ್ನು ಮದುವೆಯಾದನು. ಆಕೆಗೆ ಅತಿಥಿಗಳ ಗೋಷ್ಠಿ ಬೇಕು. ಈತನಿಗೆ ಏಕಾಂತ ಬೇಕು. ಒಮ್ಮೆ ಆಕೆ ಕರೆದ ಅತಿಥಿಗಳು ಒಳಗೆ ಬಾರದಂತೆ ಈತ ಹೊರಬಾಗಿಲಿಗೆ ಬೀಗ ಹಾಕಿಸಿದನು. ಆಕೆ ಈತನ ಪ್ರೀತಿಯ ಹೂಗಿಡಗಳಿಗೆ ಕುದಿನೀರು ಹೊಯ್ದಳೆಂದು ಆತನೇ ಮಗಳಿಗೆ ಕಾಗದ ಬರೆದನು. 1809ರಲ್ಲಿ ಇಬ್ಬರೂ ಬೇರೆಯಾದರು.

ಕಾಫಿಯ ಪ್ರಬಂಧ ಹೊರಬಂದದ್ದು ಅನಂತರ, 1812ರಲ್ಲಿ. ಕಾಫಿಯ ಜೀವವಿರುವುದು ಅದರ ಪರಿಮಳದಲ್ಲಿ. ಕುದಿಸಿದರೆ ಪರಿಮಳ ಹಬೆಯೊಡನೆ ಹೋಗುತ್ತದೆ. ಮನೆಯೆಲ್ಲ ಘಮಘಮಿಸಿತೆಂದರೆ ಅಷ್ಟು ಬಟ್ಟಲಿಗೆ ನಷ್ಟವಾಯಿತೆಂದೇ ಅರ್ಥ. ಇದು ಆ ಪ್ರಬಂಧದ ತಿರುಳು. ಪುಡಿಯನ್ನು ಕುದಿಸದೆ, ಅದರ ಮೂಲಕ ಬಿಸಿನೀರನ್ನು ಮೆಲ್ಲಗೆ ಇಳಿಸಬೇಕು. ಸೋಸುವ ಪಾತ್ರೆಗಳು ಪ್ಯಾರಿಸ್ಸಿನಲ್ಲಿ ಮೊದಲೇ ಇದ್ದವು. ರಮ್‌ಫರ್ಡ್ ಅವನ್ನು ತಿದ್ದಿದನು. ತೂತಿನ ತಳದ ಮೇಲೆ ಮೂರರಲ್ಲಿ ಎರಡು ಅಂಗುಲದಷ್ಟು ಪುಡಿಯನ್ನು ಹರಡಿ, ಅರ್ಧ ಅಂಗುಲಕ್ಕೂ ಕಡಿಮೆಯಾಗುವಂತೆ ಅದುಮಬೇಕೆಂದನು. ಇಳಿದ ಕಾಫಿ ಆರದಿರಲೆಂದು ಪಾತ್ರೆಯ ಸುತ್ತ ಬಿಸಿನೀರಿನ ಇನ್ನೊಂದು ಕವಚವನ್ನು ಇಟ್ಟನು.

ಈ ವಿವರವನ್ನು ಓದುವ ಕನ್ನಡಿಗನಿಗೆ ಮನೆಯ ಫಿಲ್ಟರು ಕಣ್ಮುಂದೆ ನಿಲ್ಲದಿರದು. ಮೇಲಿನ ತೂತಿನ ಪಾತ್ರೆ, ಪುಡಿಯನ್ನು ಅದುಮುವ ಹಿಡಿಯುಳ್ಳ ಬಿಲ್ಲೆ, ಕೆಳಗೆ ಡಿಕಾಕ್ಷನ್ನಿನ ಪಾತ್ರೆ: ಎರಡೂ ಒಂದೇ ವಂಶದವು. ಇಂದು ಮನೆಗಳಿಗೆ ಬಂದಿರುವ ವಿದ್ಯುತ್ತಿನ ಕಾಫಿ ಯಂತ್ರವೂ ನೀರನ್ನು ಕಾಯಿಸಿ ಪುಡಿಯ ಮೇಲೆ ತೊಟ್ಟಿಕ್ಕಿಸುವ ಅದೇ ಕೆಲಸವನ್ನು ಮಾಡುತ್ತದೆ. ಒಂದು ಲೀಟರ್ ನೀರಿಗೆ 60 ಗ್ರಾಮ್‌ನಷ್ಟು ಪುಡಿ ತಕ್ಕ ಅಳತೆ. ಫಿಲ್ಟರಿಗೆಂದು ನುಣ್ಣಗೆ ಬೀಸಿದ ಪುಡಿಯನ್ನು ಯಂತ್ರಕ್ಕೆ ಹಾಕಿದರೆ ಸೋಸುವ ಕಾಗದ ಕಟ್ಟಿಕೊಂಡು ಕಾಫಿ ಕಹಿಯಾಗುತ್ತದೆ, ತುಸು ತರಿಯಾಗಿರಬೇಕು. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ಯಂತ್ರದೊಳಗೆ ಸುಣ್ಣದ ಪೊರೆ ಕಟ್ಟುವುದರಿಂದ ಸೋಸಿದ ಸಿಹಿನೀರನ್ನೇ ಬಳಸುವುದು ಲೇಸು. ಇಳಿದ ಕಾಫಿಯನ್ನು ಯಂತ್ರದ ಬಿಸಿ ತಟ್ಟೆಯ ಮೇಲೆ ಗಂಟೆಗಟ್ಟಲೆ ಬಿಡಬಾರದು. ನೇರ ಉರಿಯ ಬದಲು ಬಿಸಿನೀರಿನ ಕವಚವನ್ನು ಆರಿಸಿದ ರಮ್‌ಫರ್ಡನಿಗೆ ಇದು ಎರಡು ಶತಮಾನಗಳ ಹಿಂದೆಯೇ ಹೊಳೆದಿತ್ತು.

1814ರ ಆಗಸ್ಟ್ 21ರಂದು, ಪ್ಯಾರಿಸ್ಸಿನ ಬಳಿಯ ಓತಯ್‌ನಲ್ಲಿ ಆತ ತೀರಿಕೊಂಡನು. ಸ್ವದೇಶಕ್ಕೆ ಎರಡು ಬಗೆದವನು, ಹೆಂಡತಿ ಮಕ್ಕಳಿಗೆ ಒದಗದವನು ಎಂಬ ದೂರುಗಳು ಸುಳ್ಳಲ್ಲ. ಅವನ್ನು ಮರೆಸಿ ಆತನನ್ನು ಹೊಗಳುವುದು ನ್ಯಾಯವೂ ಅಲ್ಲ. ಆದರೆ ಪಂಡಿತರು ಕೀಳೆಂದು ಬಿಟ್ಟಿದ್ದ ಅಡುಗೆಮನೆಯನ್ನು ಫಿರಂಗಿಯ ಕಾರ್ಖಾನೆಯಷ್ಟೇ ಶ್ರದ್ಧೆಯಿಂದ ನೋಡಿದವನು ಆತ. ಬಡವನ ಸಾರಿನಲ್ಲಿಯೂ ಕಾಫಿಯ ಬಟ್ಟಲಿನಲ್ಲಿಯೂ ವಿಚಾರ ಮಾಡತಕ್ಕದ್ದು ಇದೆಯೆಂದು ತೋರಿಸಿಕೊಟ್ಟನು. ತನ್ನದೆಂಬ ಸಂಸಾರ ನೆಲೆಗೊಳ್ಳದವನ ಈ ವಿಚಾರದ ಫಲವನ್ನು ನೆಲೆಗೊಂಡ ಸಂಸಾರಗಳು ಇಂದಿಗೂ ಬೆಳಗಾಗೆದ್ದು ಉಣ್ಣುತ್ತಿವೆ.