ಪುಸ್ತಕದ ಗಂಟು ಹೊತ್ತ ಕಾದಂಬರಿಕಾರ

ಕನ್ನಡ ಕಾದಂಬರಿಯ ಪಿತಾಮಹರೆಂದು ಖ್ಯಾತರಾದ ಗಳಗನಾಥರ ಪೂರ್ಣನಾಮ ವೆಂಕಟೇಶ ತಿರಕೊ ಕುಲಕರ್ಣಿ. 1869ರಲ್ಲಿ ಹಾವೇರಿ ಸೀಮೆಯ ಗಳಗನಾಥ ಗ್ರಾಮದಲ್ಲಿ ಜನಿಸಿದ ಅವರಿಗೆ ಹುಟ್ಟೂರಿನ ಹೆಸರೇ ಕಾವ್ಯನಾಮವಾಯಿತು. ವೃತ್ತಿಯಿಂದ ಅವರು ಶಿಕ್ಷಕರು.

ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಭಾವ ದಟ್ಟವಾಗಿತ್ತು. ಅಕ್ಷರಬಲ್ಲ ಕನ್ನಡಿಗರು ಕಥೆಯ ರುಚಿಗಾಗಿ ಮರಾಠಿ ಪುಸ್ತಕಗಳನ್ನೇ ಅರಸುತ್ತಿದ್ದರು. ಕನ್ನಡದಲ್ಲಿ ಕಾದಂಬರಿ ಬರೆಯಬೇಕಾದರೆ ಅದನ್ನು ಓದುವವರನ್ನೂ ಸೃಷ್ಟಿಸಬೇಕಾಗಿತ್ತು. ಗಳಗನಾಥರ ಬದುಕೆಲ್ಲ ಈ ಎರಡು ಕೆಲಸಗಳಿಗೆ ಸಂದಿತು.

1898ರ ‘ಪ್ರಬುದ್ಧ ಪದ್ಮನಯನೆ’ಯಿಂದ ಅವರ ಕಾದಂಬರಿ ರಚನೆ ಮೊದಲಾಯಿತು. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಅವರು ಕನ್ನಡಕ್ಕೆ ತಂದರು. ಈ ಅನುವಾದಗಳೇ ಅವರ ಗರಡಿಮನೆ. ಇತಿಹಾಸಕ್ಕೆ ಕಥೆಯ ಮೈ ತೊಡಿಸುವ ಬಗೆ, ಓದುಗನ ಕುತೂಹಲವನ್ನು ಅಧ್ಯಾಯದಿಂದ ಅಧ್ಯಾಯಕ್ಕೆ ಕಾಯುವ ಬಗೆ ಅಲ್ಲಿ ಕೈವಶವಾದವು. ಹಾಗೆ ಪಳಗಿದ ಲೇಖನಿ ಕೊನೆಗೆ ಕನ್ನಡ ನಾಡಿನ ಚರಿತ್ರೆಯತ್ತಲೇ ಹೊರಳಿತು. ವಿಜಯನಗರದ ಸ್ಥಾಪನೆಯನ್ನು ಚಿತ್ರಿಸುವ ‘ಮಾಧವ ಕರುಣಾವಿಲಾಸ’ 1923ರಲ್ಲಿ ಹೊರಬಂದಾಗ ಅವರ ವಯಸ್ಸು 54.

ಅಗಡಿಯ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿಯೂ ಅವರು ದುಡಿದರು. ಅಚ್ಚಾದ ಪುಸ್ತಕ ತಾನಾಗಿ ಓದುಗನ ಮನೆ ಸೇರುವ ಕಾಲ ಅದಾಗಿರಲಿಲ್ಲ. ಗ್ರಂಥಕರ್ತರೇ ಗಂಟು ಹೊತ್ತು ಊರೂರು ಅಲೆದು ಮಾರಿದರು. ಬಡತನ ಕೊನೆಯವರೆಗೂ ಬಿಡಲಿಲ್ಲ, ಬರವಣಿಗೆಯನ್ನು ಅವರೂ ಬಿಡಲಿಲ್ಲ. 1942ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಕನ್ನಡ ಕಾದಂಬರಿ ಓದುವ ರೂಢಿ ನೆಲೆಗೊಂಡಿತ್ತು.

ಎರಡು ನುಡಿಗಳ ನಡುವೆ ಬೆಳೆಯುತ್ತಿರುವ ನಮ್ಮ ಗಡಿನಾಡಿನ ವಿದ್ಯಾರ್ಥಿಗಳು ಅವರನ್ನು ವಿಶೇಷವಾಗಿ ಅಭ್ಯಸಿಸಬೇಕು. ನೆರೆನುಡಿಯಲ್ಲಿ ಕಲಿತುದನ್ನು ತಾಯ್ನುಡಿಯ ಸಂಪತ್ತಾಗಿಸುವ ದಾರಿಯನ್ನು ಅವರು ನಡೆದೇ ತೋರಿಸಿದ್ದಾರೆ.